ಗೂಡಿಗೆ ಹಿಡಿಸದ ಭರಣಿ

ಭರಣಿ ಗೂಡಿನೊಳಗೆ ಹೋಗಲಿಲ್ಲ.

ಮೊರಿಹಿಕೊ ಮೊದಲು ನೇರವಾಗಿ ನೂಕಿದ. ಆಮೇಲೆ ಒಂಚೂರು ವಾಲಿಸಿ ನೂಕಿದ. ಬಿಳಿ ಪಿಂಗಾಣಿಯ ಮುಚ್ಚಳ ಮೇಲಿನ ಹಲಗೆಗೆ ಟಕ್ಕೆಂದು ಬಡಿದು ಅಲ್ಲೇ ನಿಂತಿತು. ಸಭೆಯವರೆಲ್ಲ ಕುರ್ಚಿಯಲ್ಲಿ ಕೂತಲ್ಲಿಂದಲೇ ಕತ್ತು ಚಾಚಿ ನೋಡುತ್ತಿದ್ದರು.

“ಅಡ್ಡ ಮಲಗಿಸಿದ್ರೆ ಹೋಗುತ್ತೇನೋ,” ಎಂದರು ಸಭೆಯ ಅಧ್ಯಕ್ಷ ಕಜಿತಾನಿ.

“ಅಡ್ಡ ಮಲಗಿಸೋಕೆ ಅದೇನು ಕುಂಬಳಕಾಯಾ?” ಎಂದೆ ನಾನು.

“ಹಾಗಾದ್ರೆ ಮೇಲಿನ ಹಲಗೆ ಬಿಚ್ಚೋಣ. ಯಾರಾದ್ರೂ ಒಂದು ಸ್ಕ್ರೂಡ್ರೈವರ್ ತನ್ನಿ.”

ಯಾರೂ ಏಳಲಿಲ್ಲ. ಆ ಗೂಡನ್ನು ಮಾಡಿಕೊಟ್ಟ ಬಡಗಿ ಅದೇ ಗೂಡಿನ ಕೆಳಗಿನ ಸಾಲಿನಲ್ಲಿ ತಾನೇ ಅಸ್ಥಿಯ ಕುಡಿಕೆಯಾಗಿ ಕೂತಿದ್ದಾನೆ. ಅವನ ಹೆಂಡತಿ ಮೊದಲ ಸಾಲಿನಲ್ಲಿ ಕೂತಿದ್ದಳು. ಅವಳ ಕಣ್ಣೆದುರಿಗೆ ಹಲಗೆ ಕೀಳುವ ಧೈರ್ಯ ಯಾರಿಗಿದೆ?

ಜೂನ್ ತಿಂಗಳ ಮಳೆಯಲ್ಲಿ ಕಾಣೆಯಾದ ನಮ್ಮ ಅಡುಗೆಯ ಟೊಕುಜಿ, ನವೆಂಬರಿನಲ್ಲಿ ತಮ್ಮ ಮೊರಿಹಿಕೊನ ಕೈಯಲ್ಲಿ ಭರಣಿಯಾಗಿ ಮರಳಿ ಬಂದಿದ್ದ. ಹಾಗೆಂದು ತಮ್ಮ ಹೇಳುತ್ತಿದ್ದ. ಉಳಿದವರು ನಂಬುತ್ತಿದ್ದರು.

ನವೆಂಬರಿನ ಮೊದಲ ಭಾನುವಾರ ನಮ್ಮ ಲೂಥರನ್ ಸಭೆಯಲ್ಲಿ ತೀರಿಹೋದವರ ದಿನ. ಯಜ್ಞವೇದಿಯ ಮುಂದೆ ಬಿಳಿ ಬಟ್ಟೆ ಹಾಸಿ, ಸೇವಂತಿಗೆ ಇಟ್ಟು, ಹೋದವರ ಫೋಟೋಗಳನ್ನು ಸಾಲಾಗಿ ನಿಲ್ಲಿಸುತ್ತೇವೆ. ಪಾದ್ರಿ ಒಂದೊಂದೇ ಹೆಸರು ಕರೆಯುತ್ತಾರೆ, ಒಂದೊಂದು ಹೆಸರಿಗೂ ಒಂದು ಗಂಟೆ. ಆ ವರ್ಷ ಹೋದವರ ಅಸ್ಥಿಯನ್ನು ಅಂದೇ ಹಿಂದಿನ ಗೋಡೆಯ ಗೂಡಿನಲ್ಲಿ ಇಡುತ್ತೇವೆ.

ಆ ಗಂಟೆ ಹೊಡೆಯುವವಳು ನಾನು. ಹೆಸರು ಸೆತ್ಸು. ಕೊಮಿನಾತೊ ಬಂದರಿನ ಪೊಲೀಸ್ ಚೌಕಿಯಲ್ಲಿ ಕೂದಲು ಹಣ್ಣಾಗುವ ತನಕ ದುಡಿದೆ. ಈಗ ಸಭೆಯ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತೇನೆ. ಕುಡುಕರನ್ನೂ ಕಳ್ಳರನ್ನೂ ಗದರಿ ಬೆಳೆದ ಗಂಟಲು ಪ್ರಾರ್ಥನೆಯಲ್ಲೂ ತಗ್ಗುವುದಿಲ್ಲ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಅಂದು ಎಲ್ಲ ಹೆಸರುಗಳೂ ಮುಗಿದು ಒಂದೇ ಉಳಿದಿತ್ತು. ಟೊಕುಜಿಯದು. ಭರಣಿ ಗೂಡು ಸೇರಬೇಕು, ಪಾದ್ರಿ ಹೆಸರು ಕರೆಯಬೇಕು, ನಾನು ಗಂಟೆ ಹೊಡೆಯಬೇಕು.

ಗಂಟೆ ಹೊಡೆದರೆ ಒಲೆ ಆರುತ್ತದೆ. ಸಂಗತಿ ಅಷ್ಟೇ.

ನಮ್ಮ ಆಲಯಕ್ಕೆ ಅಂಟಿಕೊಂಡಿರುವ ಅಡುಗೆಯ ಚಾವಡಿ ಸಭೆಯದಲ್ಲ. ಅದು ಟೊಕುಜಿಯ ಅಪ್ಪ ಬೂತಾಯಿ ಮೀನು ಒಣಗಿಸುತ್ತಿದ್ದ ಕೊಟ್ಟಿಗೆ. ಅದನ್ನು ತೊಳೆದು, ಸುಣ್ಣ ಬಳಿದು, ಒಲೆ ಹಾಕಿಸಿ ಟೊಕುಜಿ ಸಭೆಗೆ ಬಿಟ್ಟುಕೊಟ್ಟ. ಶನಿವಾರ ಬಂದರೆ ಅಲ್ಲಿ ಊಟ. ಅಮ್ಮಂದಿರು ಪಾಳಿಗೆ ಹೋದ ಮಕ್ಕಳು ಬರುತ್ತಾರೆ. ಒಂಟಿ ಮುದುಕರು ಬರುತ್ತಾರೆ. ಮೀನು ಕಾರ್ಖಾನೆಯಲ್ಲಿ ದುಡಿಯುವ ವಿಯೆಟ್ನಾಮಿನ ಹುಡುಗಿಯರು ಕೈಗೆ ಕೆನೆ ಸವರಿಕೊಂಡು ಬರುತ್ತಾರೆ. ಯಾರನ್ನೂ ಯಾಕೆ ಬಂದೆ ಎಂದು ಕೇಳುವುದಿಲ್ಲ.

“ನನ್ನ ಉಸಿರಿರೋ ತನಕ ಈ ಒಲೆ ಯಾರೂ ಆರಿಸೋ ಹಾಗಿಲ್ಲ. ಆಮೇಲೆ ನಿಮ್ಮಿಷ್ಟ,” ಎಂದಿದ್ದ ಟೊಕುಜಿ, ತುಂಬಿದ ಸಭೆಯಲ್ಲಿ ಸೌಟು ಹಿಡಿದುಕೊಂಡೇ.

ಅಂದು ಬೆಳಗ್ಗೆ ಆರಾಧನೆ ಶುರುವಾಗುವ ಮುಂಚೆ ಕಜಿತಾನಿ ಎದ್ದು ನಿಂತು ಹೇಳಿದ್ದರು: ಟೊಕುಜಿಯ ಉಸಿರು ನಿಂತಿದೆ, ಅವನ ಮಾತೂ ಮುಗಿಯಿತು, ಚಾವಡಿಯನ್ನು ತಮ್ಮನಿಗೆ ಒಪ್ಪಿಸೋಣ. ಪಕ್ಕದಲ್ಲಿ ಶವಸಂಸ್ಕಾರದ ಕಂಪನಿಯೊಂದು ಹೊಸ ಮಂದಿರ ಕಟ್ಟುತ್ತಿದೆ, ಅವರಿಗೆ ಕಾರು ನಿಲ್ಲಿಸಲು ಜಾಗ ಬೇಕಂತೆ. ಕ್ರಿಸ್ಮಸ್ಸಿನೊಳಗೆ ಪಾತ್ರೆ ಪಡಗ ಎತ್ತಿಬಿಡೋಣ.

ಯಾರೂ ಬೇಡ ಎನ್ನಲಿಲ್ಲ.

ಈಗ ಭರಣಿ ಹಟ ಹಿಡಿದು ನಿಂತಿತ್ತು.

ನಾನು ಗಂಟೆಯ ಹಗ್ಗ ಬಿಟ್ಟು ಗೂಡಿನ ಹತ್ತಿರ ನಡೆದೆ.

“ಸೆತ್ಸು ಅವ್ರೇ, ನೀವು ನಿಮ್ಮ ಜಾಗದಲ್ಲೇ ಇರಿ,” ಎಂದರು ಕಜಿತಾನಿ.

“ಕಾಲು ಜೋಮು ಹಿಡಿದಿದೆ,” ಎಂದೆ.

ಗೂಡಿನಲ್ಲಿ ಸಾಲಾಗಿ ಕುಡಿಕೆಗಳಿದ್ದವು. ಎಲ್ಲವೂ ಒಂದೇ ಅಳತೆ, ಅಂಗೈಯಲ್ಲಿ ಎತ್ತಿಕೊಳ್ಳುವಷ್ಟು. ಟೊಕುಜಿಯ ಅಮ್ಮನ ಕುಡಿಕೆ ಎಲ್ಲಿದೆಯೆಂದು ನನಗೆ ಗೊತ್ತು. ಅದನ್ನು ಎರಡೂ ಕೈಯಲ್ಲಿ ತೆಗೆದು, ತಲೆಬಾಗಿ, ಬಿಳಿ ಬಟ್ಟೆಯ ಮೇಲಿಟ್ಟೆ. ಮೊರಿಹಿಕೊನ ಕೈಯಿಂದ ಭರಣಿ ತೆಗೆದುಕೊಂಡು ಅದರ ಪಕ್ಕದಲ್ಲಿಟ್ಟೆ.

ಅಮ್ಮ ಮಗನ ಅರ್ಧಕ್ಕೂ ಬರಲಿಲ್ಲ. ಮಗನದು ಉಮೆ ಹಣ್ಣಿನ ಉಪ್ಪಿನಕಾಯಿ ಹಾಕುವ ಭರಣಿಯಷ್ಟಿತ್ತು.

“ಮೊರಿಹಿಕೊ ಅವ್ರು ಚಿಬಾದಲ್ಲಿರೋರು. ಟೋಕಿಯೊ ಕಡೆ ಭರಣಿ ದೊಡ್ಡದೇ ಇರುತ್ತೆ. ಅದಕ್ಕೆಲ್ಲ ಯಾಕೆ ರಂಪ?” ಎಂದರು ಕಜಿತಾನಿ.

ಅದು ನಿಜವೇ. ಪೂರ್ವದ ಕಡೆಯವರು ಸುಟ್ಟ ಮೇಲೆ ಒಂದು ಚೂರೂ ಬಿಡದೆ ಅಷ್ಟೂ ಮೂಳೆಯನ್ನು ತುಂಬಿಕೊಳ್ಳುತ್ತಾರೆ, ಭರಣಿ ದೊಡ್ಡದಾಗಲೇಬೇಕು. ನಮ್ಮ ಪಶ್ಚಿಮದ ಕಡೆ ಹಾಗಲ್ಲ. ಮನೆಯವರು ಜೋಡಿ ಕಡ್ಡಿ ಹಿಡಿದು ಪಾದದಿಂದ ಶುರುಮಾಡಿ ತಲೆಯವರೆಗೆ ಅಲ್ಲಿಷ್ಟು ಇಲ್ಲಿಷ್ಟು ಆರಿಸುತ್ತಾರೆ. ಕುಡಿಕೆ ತುಂಬಿತೋ ಮುಚ್ಚಳ ಹಾಕಿದರು. ಮಿಕ್ಕಿದ್ದು ಸುಡುಗಾಡಿನವರ ಪಾಲು, ಅವರೇ ಒಂದು ಕಡೆ ಹೂಳುತ್ತಾರೆ. ಒಸಾಕದಲ್ಲೂ ಹೀಗೇ.

ನಾನು ಮೊರಿಹಿಕೊನ ಕಡೆ ತಿರುಗಿದೆ. ಕಪ್ಪು ಕೋಟು, ಕಪ್ಪು ಟೈ, ಬೆವರಿದ ಹಣೆ. ಕೆನ್ನೆಯ ಮೂಳೆ ಮಾತ್ರ ಥೇಟ್ ಅಣ್ಣನದು.

“ಮೊರಿಹಿಕೊ ಅವ್ರೇ, ಒಂದು ಮಾತು ಕೇಳ್ಲಾ?”

“ಕೇಳಿ.”

“ಟೊಕುಜಿ ತೀರಿಕೊಂಡಿದ್ದು ಎಲ್ಲಿ?”

“ಒಸಾಕದ ಆಸ್ಪತ್ರೇಲಿ. ಹೇಳಿದೀನಲ್ಲ.”

“ಸುಟ್ಟಿದ್ದು?”

“ಅಲ್ಲೇ. ಒಸಾಕದಲ್ಲೇ.”

“ಮೂಳೆ ಆರಿಸಿದ್ದು ಯಾರು?”

“ನಾನೇ. ನನ್ನ ಬಿಟ್ರೆ ಅವನಿಗೆ ಇನ್ಯಾರಿದ್ರು?”

ಆ ಮಾತಿಗೆ ಮೈ ಉರಿಯಿತು. ಅವನಿಗೆ ಯಾರಿದ್ದರು ಎನ್ನುವುದಕ್ಕೆ ಶನಿವಾರ ಮಧ್ಯಾಹ್ನ ಬಂದು ಚಾವಡಿಯ ಬಾಗಿಲಲ್ಲಿ ನಿಂತು ನೋಡಬೇಕಿತ್ತು. ನುಂಗಿಕೊಂಡೆ.

“ಎಷ್ಟು ಆರಿಸಿದ್ರಿ?”

“ಎಷ್ಟು ಅಂದ್ರೆ? ಎಲ್ಲಾನೂ.”

“ಮಿಕ್ಕಿದ್ದು?”

“ಮಿಕ್ಕೋದು ಏನಿರುತ್ತೆ? ಎಲ್ಲಾ ಇದರೊಳಗೇ ಇದೆ. ಕೊನೇ ಚೂರು ಬೂದಿ ಕೂಡ ಅವ್ರೇ ಗುಡಿಸಿ ಹಾಕಿಕೊಟ್ರು.”

ಎಲ್ಲರೂ ತಮ್ಮ ತಮ್ಮ ಚಪ್ಪಲಿಯ ತುದಿ ನೋಡತೊಡಗಿದರು. ನನಗೆ ನಮ್ಮ ಜನ ಗೊತ್ತು. ಅರ್ಥವಾಗದಿದ್ದರೆ ಮುಖ ನೋಡುತ್ತಾರೆ, ಅರ್ಥವಾದರೆ ನೆಲ ನೋಡುತ್ತಾರೆ. ಒಸಾಕದ ಸುಡುಗಾಡಿನಲ್ಲಿ ಯಾರೂ ಬೂದಿ ಗುಡಿಸಿ ಕೊಡುವುದಿಲ್ಲ ಎಂದು ಅಲ್ಲಿದ್ದ ಅಷ್ಟು ಜನಕ್ಕೂ ಗೊತ್ತಿತ್ತು. ಬಾಯಿ ಬಿಡುವವರು ಯಾರೂ ಇರಲಿಲ್ಲ.

“ಅಯ್ಯನವರೇ,” ಎಂದೆ ಪಾದ್ರಿಗೆ. “ಈ ಭರಣಿ ಸುಳ್ಳು ಹೇಳ್ತಿದೆ.”

ನಮ್ಮ ಪಾದ್ರಿ ನಗಾಯೆ ಚಿಕ್ಕ ವಯಸ್ಸಿನವರು. ಒಳ್ಳೆಯವರು, ಆದರೆ ಜೋರಾಗಿ ಮಾತಾಡಿದರೆ ಹೂವು ಬಾಡೀತು ಎನ್ನುವ ಪೈಕಿ. ಬಿಳಿ ನಿಲುವಂಗಿಯ ತೋಳು ಸರಿಮಾಡಿಕೊಳ್ಳುತ್ತಾ ಹತ್ತಿರ ಬಂದರು.

“ಸೆತ್ಸು ಅಮ್ಮ, ಅಸ್ಥಿ ಇಡೋ ಪರವಾನಗಿ ಕಾಗದ ಅಂಚೇಲಿ ಬರುತ್ತೆ ಅಂತ ಇವ್ರು ಹೇಳಿದಾರೆ. ನಾನು ಒಪ್ಪಿದೀನಿ. ಎಂಟನೇ ಆಜ್ಞೆ ನೆನಪು ಮಾಡ್ಕೊಳ್ಳಿ. ನೆರೆಯವನ ವಿಷಯದಲ್ಲಿ ಸುಳ್ಳು ಸಾಕ್ಷಿ ಬೇಡ, ಒಳ್ಳೇದನ್ನೇ ಎಣಿಸಬೇಕು ಅಂತ ತಾನೇ ಮಕ್ಕಳಿಗೆ ಕಲಿಸೋದು?”

“ಒಳ್ಳೇದನ್ನೇ ಎಣಿಸ್ತಿದೀನಿ ಅಯ್ಯನವರೇ. ಟೊಕುಜಿ ಸತ್ತಿಲ್ಲ ಅಂತ ಎಣಿಸ್ತಿದೀನಿ. ಅದಕ್ಕಿಂತ ಒಳ್ಳೇದು ಇನ್ನೇನಿದೆ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಜಿತಾನಿಯವರ ಕಿವಿ ಕೆಂಪಾಯಿತು.

“ಪೊಲೀಸ್ ಬುದ್ಧಿ! ದೇವರ ಮನೇಲೂ ವಿಚಾರಣೆ ಶುರು ಮಾಡಿಬಿಟ್ರಿ. ದುಃಖದಲ್ಲಿರೋ ಮನುಷ್ಯನ್ನ ನಿಲ್ಲಿಸಿ ಪ್ರಶ್ನೆ ಕೇಳೋಕೆ ನಾಚಿಕೆ ಆಗಲ್ವಾ ನಿಮಗೆ?”

“ಆಗಲ್ಲ. ನಾಚಿಕೆ ಆಗಬೇಕಾಗಿರೋದು, ಸತ್ತ ಅಂದ ತಕ್ಷಣ ಅವನ ಒಲೆಗೆ ನೀರು ಸುರಿಯೋಕೆ ಕೊಡ ಎತ್ತಿಕೊಂಡು ನಿಂತವರಿಗೆ.”

“ನಾನೇನು ನನಗೋಸ್ಕರ ಮಾಡಿದ್ನಾ? ಓಣಿಯವರು ದಿನಾ ನನ್ನ ಮನೆ ಬಾಗಿಲಿಗೆ ಬರ್ತಾರೆ. ವಾಸನೆ ಅಂತಾರೆ, ಗಲಾಟೆ ಅಂತಾರೆ, ಗುರುತಿಲ್ಲದೋರು ಓಡಾಡ್ತಾರೆ ಅಂತಾರೆ. ಒಂದು ದಿನ ಬಂದು ನೀವು ಉತ್ತರ ಕೊಡಿ!”

“ಕಳಿಸಿ ನನ್ನ ಹತ್ರ. ಉತ್ತರಾನೂ ಕೊಡ್ತೀನಿ, ಒಂದು ಬಟ್ಟಲು ಸಾರೂ ಕೊಡ್ತೀನಿ.”

ಅಷ್ಟರಲ್ಲಿ ಆರ್ಗನ್ ಮೊಳಗಿತು.

ಯಾರೂ ಹೇಳಿರಲಿಲ್ಲ. ಚಿಜುರು ತಾನಾಗಿಯೇ ಮುಂದಿನ ಕೀರ್ತನೆ ಶುರುಮಾಡಿಬಿಟ್ಟಿದ್ದಳು. ಅದೂ ಕಾಲಿನ ಪೆಡಲು ಪೂರ್ತಿ ಒತ್ತಿ, ನನ್ನ ಮಾತು ನನಗೇ ಕೇಳಿಸದ ಹಾಗೆ. ಚಿಜುರು ನನ್ನ ಶಾಲೆಯ ಗೆಳತಿ. ನನ್ನ ಗಂಡ ಸತ್ತಾಗ ನನ್ನನ್ನು ಎತ್ತಿ ನಿಲ್ಲಿಸಿದವಳು ಅವಳೇ, ಈ ಸಭೆಗೆ ಕರೆತಂದವಳೂ ಅವಳೇ. ಜಗಳ ಎಂದರೆ ಅವಳಿಗೆ ಆಗದು.

“ನಿಲ್ಲಿಸೇ ಅದನ್ನ!” ಎಂದು ಕೂಗಿದೆ.

ಆರ್ಗನ್ ನಿಂತಿತು. ಚಿಜುರು ಪೀಠದಲ್ಲೇ ಅರ್ಧ ತಿರುಗಿ ನನ್ನನ್ನು ನೋಡಿದಳು.

“ಸತ್ತವರ ದಿನ ಜಗಳ ಬೇಡ ಕಣೇ ಸೆತ್ಸು. ಹೊಡೆದುಬಿಡು ಆ ಗಂಟೇನ. ಹೋದವನು ನೆಮ್ಮದಿಯಾಗಿ ಹೋಗಲಿ.”

“ಹೋಗಿದ್ರೆ ತಾನೇ ನೆಮ್ಮದಿ?”

“ನಿನ್ನ ಹಟದಿಂದ ಎಲ್ಲರ ಮರ್ಯಾದೆ ಹೋಗ್ತಿದೆ.”

“ನಮ್ಮ ಲೂಥರನ್ ಸಭೆಗೆ ಇಟ್ಟಿರೋ ಹೆಸರೇ ಒಬ್ಬ ಹಟಮಾರಿದು. ನಾನು ಒಂಚೂರು ಹಟ ಮಾಡಿದ್ರೆ ಆಕಾಶ ಬೀಳಲ್ಲ ಬಿಡು.”

ಪಾದ್ರಿ ತಲೆ ತಗ್ಗಿಸಿ ನಗು ನುಂಗಿದ್ದನ್ನು ನಾನು ನೋಡಿದೆ.

ಮೊರಿಹಿಕೊ ಮಾತ್ರ ನಗಲಿಲ್ಲ. ಅವನು ಭರಣಿಯನ್ನೇ ನೋಡುತ್ತಾ ನಿಂತಿದ್ದ. ಹೆದರಿದ ಸುಳ್ಳುಗಾರರು ನನಗೆ ಹೊಸಬರಲ್ಲ. ಅವರ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಇವನ ಕಣ್ಣು ಭರಣಿಯಿಂದ ಎದ್ದು ನಮ್ಮೆಲ್ಲರ ಮುಖದ ಮೇಲೆ ಒಂದು ಸುತ್ತು ಹೋಗಿ ಮತ್ತೆ ಭರಣಿಗೆ ಬರುತ್ತಿತ್ತು. ಅದು ಯಾಕೆಂದು ನಾನು ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಸಿಟ್ಟು ತಲೆಗೇರಿತ್ತು.

“ಮೊರಿಹಿಕೊ,” ಎಂದೆ. ಬಹುವಚನ ಎಲ್ಲೋ ಬಿದ್ದುಹೋಯಿತು. ಅವನು ಚಡ್ಡಿ ಹಾಕಿಕೊಂಡು ದಕ್ಕೆಯ ಮೇಲೆ ಓಡಾಡುತ್ತಿದ್ದುದನ್ನು ಕಂಡವಳು ನಾನು. “ಈ ಚಿಕ್ಕ ಕುಡಿಕೆ ಯಾರದು ಗೊತ್ತಾ ನಿನಗೆ?”

ಅವನು ಭರಣಿ ಬಿಟ್ಟು ಕುಡಿಕೆಯತ್ತ ನೋಡಿದ.

“ನಿನ್ನ ಅಮ್ಮಂದು. ಹದಿನೈದನೇ ವಯಸ್ಸಿಗೆ ಚಿಬಾದ ಕಾರ್ಖಾನೆಗೆ ಅಂತ ರೈಲು ಹತ್ತಿದವನು ನೀನು, ಅಪ್ಪ ಹೋದಾಗ ಬರಲಿಲ್ಲ, ಅಮ್ಮ ಹೋದಾಗ ಬರಲಿಲ್ಲ. ಅಮ್ಮನ ಮೂಳೆ ಆರಿಸೋಕೆ ಇಬ್ಬರು ಬೇಕು, ಒಂದೇ ಮೂಳೇನ ಇಬ್ಬರೂ ಸೇರಿ ಕಡ್ಡಿಯಿಂದ ಎತ್ತಬೇಕು. ಟೊಕುಜಿ ಕಡೆ ಯಾರೂ ಇರಲಿಲ್ಲ. ಪಕ್ಕದಲ್ಲಿ ನಿಂತು ಕಡ್ಡಿ ಹಿಡಿದವಳು ನಾನು. ಪಾದದ್ದು ಎತ್ತಿದ್ವಿ, ಮೊಣಕಾಲಿಂದು ಎತ್ತಿದ್ವಿ, ಕುತ್ತಿಗೇದು ಎತ್ತಿದ್ವಿ. ಕುಡಿಕೆ ತುಂಬ್ತು. ಮಿಕ್ಕಿದ್ದನ್ನ ಅಲ್ಲೇ ಬಿಟ್ಟು ಬರಬೇಕಲ್ಲ, ಆಗ ಅವನು ಅತ್ತಿದ್ದು. ಅಲ್ಲೀವರೆಗೂ ಅತ್ತಿರಲಿಲ್ಲ. ನೀನು ಒಂದು ಸಲ, ಒಂದೇ ಒಂದು ಸಲ ಬಂದು ಆ ಕಡ್ಡಿ ಹಿಡಿದಿದ್ರೆ ಗೊತ್ತಿರ್ತಿತ್ತು, ನಮ್ಮ ಕಡೆ ಸತ್ತವರು ಎಷ್ಟು ಚಿಕ್ಕದಾಗ್ತಾರೆ ಅಂತ.”

ಮೊರಿಹಿಕೊನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಬೈಯಿರಿ. ಅದಕ್ಕೆ ನಾನು ಲಾಯಕ್ಕೇ. ಆದ್ರೆ ಭರಣಿ ಮುಟ್ಟಬೇಡಿ.”

“ಯಾಕೆ ಮುಟ್ಟಬಾರದು?”

“ನಿಮಗೆ ಕೈ ಮುಗೀತೀನಿ. ಹೊಡೀರಿ ಗಂಟೇನ. ಆಮೇಲೆ ನಿಮಗೆ ಏನು ಬೇಕೋ ಹೇಳ್ತೀನಿ. ನಿಮ್ಮೊಬ್ಬರಿಗೇ ಹೇಳ್ತೀನಿ.”

“ನನ್ನೊಬ್ಬಳಿಗೆ ಯಾಕೆ? ಇಲ್ಲಿ ಕೂತವರೆಲ್ಲ ಅವನ ಅನ್ನ ತಿಂದವರೇ. ಎಲ್ಲರಿಗೂ ಹೇಳು.”

ಚೌಕಿಯಲ್ಲಿ ಎಷ್ಟೋ ಜನ ನನಗೆ ಹೀಗೆ ಕಿವಿಯಲ್ಲಿ ಹೇಳುತ್ತೇನೆ ಎಂದಿದ್ದಾರೆ. ಕಿವಿಗೆ ಬರುವ ಮಾತೆಲ್ಲ ಬೆಣ್ಣೆ ಸವರುವ ಮಾತು ಎಂದು ಕಲಿತಿದ್ದೆ. ನಾನು ಭರಣಿಯ ಮುಚ್ಚಳಕ್ಕೆ ಕೈ ಹಾಕಿದೆ.

“ಸೆತ್ಸು ಅಮ್ಮ!” ಎಂದರು ಪಾದ್ರಿ.

“ಮಹಾಪಾಪ!” ಎಂದರು ಕಜಿತಾನಿ.

“ಪಾಪ ಅಂದ್ರೆ ನಾಳೆ ತಪ್ಪೊಪ್ಪಿಗೆ ಮಾಡ್ತೀನಿ. ಇವತ್ತು ಪುರುಸೊತ್ತಿಲ್ಲ.”

ಮುಚ್ಚಳದ ಸುತ್ತ ಹಚ್ಚಿದ್ದ ಟೇಪನ್ನು ಉಗುರಿನಿಂದ ಕಿತ್ತೆ. ಮೊರಿಹಿಕೊ ಮುಂದೆ ಬಂದ. ಆದರೆ ನನ್ನ ತೋಳು ಹಿಡಿಯುವ ಧೈರ್ಯ ಅವನಿಗಾಗಲಿಲ್ಲ. ಬಡಗಿಯ ಹೆಂಡತಿ ಎದ್ದು ಬಂದು ಅವನಿಗೂ ನನಗೂ ನಡುವೆ ಸುಮ್ಮನೆ ನಿಂತುಬಿಟ್ಟಳು. ಆ ಮುದುಕಿಗೆ ನಾನು ಇವತ್ತಿಗೂ ಋಣಿ.

ಮುಚ್ಚಳ ತೆಗೆದೆ.

ಬೆಳ್ಳಗೆ, ಬೂದಿ ಬಣ್ಣಕ್ಕೆ, ಚೂರುಚೂರಾಗಿ ಕಂಠದ ತನಕ ತುಂಬಿತ್ತು. ಒಂದು ಕ್ಷಣ ನಾನು ತಪ್ಪಿದೆ, ಟೊಕುಜಿ ನಿಜಕ್ಕೂ ಸತ್ತಿದ್ದಾನೆ ಎನಿಸಿತು. ಕೈ ಹಾಕಿದೆ. ಒಂದು ಚೂರು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ.

ಒಳಗಡೆ ಮುತ್ತಿನ ಹೊಳಪು. ಹೊರಗಡೆ ಪದರ ಪದರ.

ಇನ್ನೊಂದು ಎತ್ತಿದೆ. ಇನ್ನೊಂದು. ಮುಷ್ಟಿ ತುಂಬ ಎತ್ತಿ ಬಿಳಿ ಬಟ್ಟೆಯ ಮೇಲೆ ಸುರಿದೆ.

“ಸಿಂಪಿ ಚಿಪ್ಪು,” ಎಂದಳು ಬಡಗಿಯ ಹೆಂಡತಿ. ಅವಳು ಹುಟ್ಟಿದ್ದೇ ಸಿಂಪಿ ಸಾಕುವವರ ಮನೆಯಲ್ಲಿ. “ಸುಟ್ಟು ಜಜ್ಜಿರೋ ಸಿಂಪಿ ಚಿಪ್ಪು. ಒಂದು ಮೂಳೆ ಇಲ್ಲ ಇದರಲ್ಲಿ.”

ಆಲಯ ಒಮ್ಮೆಗೇ ಗಲಿಬಿಲಿಗೊಂಡಿತು. ಕುರ್ಚಿಗಳು ಕರಕರ ಎಂದವು. ವಿಯೆಟ್ನಾಮಿನ ಹುಡುಗಿಯರು ಏನಾಯಿತು ಏನಾಯಿತು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಪಾದ್ರಿ ಒಂದು ಚಿಪ್ಪನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

ನನಗೆ ಆಗ ಆದ ಖುಷಿ ಹೇಳತೀರದು. ನಾನು ಹಗ್ಗದ ಹತ್ತಿರ ಹೋಗಿ ಅದನ್ನು ಎತ್ತಿ ಮೊಳೆಗೆ ಸುತ್ತಿ ಗಂಟು ಹಾಕಿಬಿಟ್ಟೆ. ಆಮೇಲೆ ಸಭೆಗೆ ಎದುರಾಗಿ ನಿಂತೆ.

“ಕೇಳಿಸ್ಕೊಳ್ಳಿ ಎಲ್ಲರೂ! ಟೊಕುಜಿ ಇದರಲ್ಲಿಲ್ಲ. ಅವನ ಹೆಸರಿಗೆ ಇವತ್ತು ಗಂಟೆ ಇಲ್ಲ. ಬರೋ ಶನಿವಾರ ಒಲೆ ಹೊತ್ತುತ್ತೆ, ಸಾರು ಕುದಿಯುತ್ತೆ. ಅದನ್ನ ಆರಿಸಬೇಕು ಅನ್ನೋರು ಮೊದಲು ನನ್ನ ಆರಿಸಬೇಕು. ಟೊಕುಜಿ ಬದುಕಿದಾನೆ!”

ಯಾರೋ ಚಪ್ಪಾಳೆ ತಟ್ಟಿದರು. ಆರಾಧನೆಯಲ್ಲಿ ಚಪ್ಪಾಳೆ ತಟ್ಟುವ ಜನವಲ್ಲ ನಾವು. ಆದರೂ ಇನ್ನೊಬ್ಬರು ತಟ್ಟಿದರು, ಆಮೇಲೆ ಎಲ್ಲರೂ. ಶನಿವಾರದ ಊಟಕ್ಕೆ ಬರುವ ಒಬ್ಬ ಮುದುಕ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಕಜಿತಾನಿ ಕುರ್ಚಿಯಲ್ಲಿ ಕುಸಿದರು. ಅವರ ಮುಖದಲ್ಲಿ ಸೋಲು ಇತ್ತು, ಅದರ ಜೊತೆ ಒಂದು ಬಗೆಯ ನಿರಾಳವೂ ಇತ್ತು.

ಮೊರಿಹಿಕೊ ಓಡಲಿಲ್ಲ. ಅಲ್ಲೇ ನೆಲದ ಮೇಲೆ ಮಂಡಿಯೂರಿ ಕೂತು, ಬಟ್ಟೆಯ ಮೇಲೆ ಚೆಲ್ಲಿದ ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಭರಣಿಗೆ ಹಾಕತೊಡಗಿದ.

“ಮುಗೀತಾ ಅಕ್ಕ?” ಎಂದ ತಲೆಯೆತ್ತದೆ. “ಊರಿಗೆಲ್ಲ ಕೇಳೋ ಹಾಗೆ ಕೂಗಿದ್ದಾಯ್ತಾ?”

ಆ ದನಿ ಸಿಕ್ಕಿಬಿದ್ದವನದಲ್ಲ. ಚಪ್ಪಾಳೆ ನಿಂತಿತು.

“ಏನು ಹಾಗಂದ್ರೆ?”

“ಚಿಬಾದ ಅಂಗಡೀಲಿ ನಾನು ಚಿಕ್ಕ ಭರಣಿ ಆರಿಸಿದ್ದೆ. ಒಯ್ಯೋಕೆ ಸುಲಭ ಅಂತ. ಅಣ್ಣ ನನ್ನ ಕೈಯಿಂದ ಕಿತ್ಕೊಂಡು ವಾಪಸ್ ಇಟ್ಟ. ದೊಡ್ಡದೇ ಬೇಕು ಅಂದ.”

“ಯಾವ ಅಣ್ಣ?” ಎಂದರು ಪಾದ್ರಿ.

“ನನಗೆ ಎಷ್ಟು ಜನ ಅಣ್ಣಂದಿರಿದಾರೆ? ಈ ಚಿಪ್ಪು ಸುಟ್ಟವನೂ ಅವನೇ, ಜಜ್ಜಿದವನೂ ಅವನೇ. ನಾನು ಬರೀ ಹೊತ್ಕೊಂಡು ಬಂದೆ.”

ಗೋಡೆಗೆ ಒರಗಿಕೊಂಡೆ.

“ಜೂನ್‌ನಲ್ಲಿ ಅವನು ಎಲ್ಲೂ ಓಡಿಹೋಗಲಿಲ್ಲ ಅಕ್ಕ. ನಿಮ್ಮ ಅಡುಗೆಮನೆ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತಂತೆ, ದಕ್ಕೆ ತುದೀಲಿ ದೋಣಿಯವರು ಮೀನು ಕೊಡ್ತಾರೆ, ಕತ್ತಲಾದ ಮೇಲೆ ಹೋಗು ಅಂತ. ಹೋದ. ಅಲ್ಲಿ ದೋಣಿ ಇರಲಿಲ್ಲ. ಹಿಂದಿನಿಂದ ಯಾರೋ ನೂಕಿದ್ರು. ಮಳೆ, ಸೆಳೆತ. ಹೇಗೋ ಆಚೆ ಕೊಲ್ಲಿಯ ಸಿಂಪಿ ಸಾಕೋ ತೆಪ್ಪಕ್ಕೆ ತಗುಲಿಕೊಂಡು ಬದುಕಿದ. ಮುಖ ನೋಡಿಲ್ಲ. ಆದ್ರೆ ಆ ಅಡುಗೆಮನೆ ಬೀಗದ ಕೈ ಇರೋದು ಯಾರ ಹತ್ರ? ನಿಮ್ಮ ಸಭೆಯವರ ಹತ್ರ.”

ಅವನು ಇನ್ನೊಂದು ಚೂರು ಎತ್ತಿ ಭರಣಿಗೆ ಹಾಕಿದ.

“ಪೊಲೀಸಿಗೆ ಹೇಳೋಣ ಅಂದೆ. ಯಾರ ಹೆಸರು ಹೇಳಲಿ, ಎಲ್ಲರೂ ನನ್ನ ಜನ ಅಂದ. ನನ್ನ ಸತ್ತ ಅಂತ ತಗೊಂಡು ಹೋಗು, ಹೆಸರು ಕರೆದು ಗಂಟೆ ಹೊಡೆದಾಗ ಯಾರ ಮುಖ ಹಗುರಾಗುತ್ತೆ ನೋಡು, ಅಷ್ಟು ಸಾಕು ಅಂದ. ಅದಕ್ಕೇ ಬಂದೆ. ಜಾಗದ ಮಾತು ನಾನು ಎತ್ತಿದ್ನಾ? ನಿಮ್ಮ ಅಧ್ಯಕ್ಷರು ತಾವೇ ಎತ್ತಿದ್ರು. ಅದನ್ನ ಕಟ್ಟಿಕೊಂಡು ನನಗೇನಾಗಬೇಕು?”

ನಾನು ಗೋಡೆ ಬಿಟ್ಟು ಅವನ ಹತ್ತಿರ ಹೋದೆ.

“ಮತ್ತೆ ಭರಣಿ?” ಎಂದೆ. “ದೊಡ್ಡದೇ ಯಾಕೆ?”

ಈಗ ಅವನು ತಲೆಯೆತ್ತಿ ನೋಡಿದ. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

“ಅದು ನನಗೂ ಪೂರ್ತಿ ಅರ್ಥ ಆಗಿದ್ದು ಈಗ ತಾನೇ. ‘ಒಸಾಕದಲ್ಲಿ ಸುಟ್ಟೆ ಅನ್ನು. ಗೂಡಿಗೆ ಹಿಡಿಸಲ್ಲ ಅದು. ಚಿಬಾದಿಂದ ಬಂದದ್ದು ಅಂತ ಬಾಕಿಯೋರು ಸುಮ್ಮನಾಗ್ತಾರೆ. ಸೆತ್ಸು ಒಬ್ಬಳಿಗೆ ಗೊತ್ತಾಗುತ್ತೆ, ನಾನು ಇದರಲ್ಲಿಲ್ಲ ಅಂತ. ಗೊತ್ತಾಗಿ, ಏನೂ ಆಡದೆ ಗಂಟೆ ಹೊಡೀತಾಳೆ. ಅವಳೊಬ್ಬಳಾದ್ರೂ ಅಳೋದು ಬೇಡ’ ಅಂದ. ನಿಮ್ಮ ಬುದ್ಧಿ ಎಷ್ಟು ಅಂತ ಅವನಿಗೆ ಸರಿಯಾಗಿ ಗೊತ್ತಿತ್ತು ಅಕ್ಕ. ನಿಮ್ಮ ಬಾಯಿ ಎಷ್ಟು ಅಂತ ಮರೆತುಬಿಟ್ಟ.”

ಅಯ್ಯೋ ದೇವರೇ, ಎಂದೆ. ಜೋರಾಗಿ ಎಂದೆನೋ ಒಳಗೇ ಎಂದೆನೋ ಗೊತ್ತಿಲ್ಲ. ನನಗೆಂದೇ ಕಳಿಸಿದ ಮಾತು ಅದು. ನಾನು ಅದನ್ನು ಇಡೀ ಸಭೆಗೆ ಕೂಗಿ ಹೇಳಿದ್ದೆ. ಅವನನ್ನು ಕಡಲಿಗೆ ನೂಕಿದ ಕೈಯೂ ಆ ಚಪ್ಪಾಳೆಯಲ್ಲಿ ಸೇರಿತ್ತೋ ಏನೋ.

ಕಜಿತಾನಿ ಎದ್ದು ನಿಂತರು. “ನನ್ನ ಯಾಕೆ ಎಲ್ಲರೂ ನೋಡ್ತಿದೀರಿ? ನಾನಲ್ಲ! ಒಲೆ ಬೇಡ ಅಂದವನು ನಾನು, ಮನುಷ್ಯ ಬೇಡ ಅಂದಿಲ್ಲ!” ನಾನು ಅವರನ್ನು ನಂಬಿದೆ. ಯಾಕೆಂದು ಕೇಳಬೇಡಿ, ನಂಬಿದೆ.

“ಈಗ ಅವನೆಲ್ಲಿ?” ಎಂದೆ ಮೊರಿಹಿಕೊನಿಗೆ. “ಚಿಬಾದಲ್ಲಿ ತಾನೇ? ಬಾಗಿಲು ಭದ್ರ ಮಾಡ್ಕೊಂಡು ಇರು ಅಂತ ಈಗಲೇ ಫೋನ್ ಮಾಡು.”

ಅವನು ಇಲ್ಲವೆಂದು ತಲೆಯಾಡಿಸಿದ. ಅವನು ಪಿಸುಗುಟ್ಟಿದ್ದೂ ಮೂಲೆಮೂಲೆಗೂ ಕೇಳಿಸಿತು.

“ಬೇಡ ಅಂದ್ರೂ ಕೇಳಲಿಲ್ಲ. ತನ್ನ ಹೆಸರಿಗೆ ಹೊಡೆಯೋ ಗಂಟೆ ತಾನೇ ಕೇಳಬೇಕು ಅಂದ. ಹೊರಗೇ ಇದಾನೆ. ಚಾವಡಿ ಹಿಂದೆ, ನನ್ನ ಕಾರಿನ ಹಿಂದಿನ ಸೀಟಲ್ಲಿ, ಕಂಬಳಿ ಹೊದ್ದು ಮಲಗಿದಾನೆ.”

“ಬಾಗಿಲು ಹಾಕಿ!” ಎಂದು ಕೂಗಿದೆ. “ಯಾರೂ ಹೊರಗೆ ಹೋಗಬಾರದು!”

ಪಾದ್ರಿ ನಿಲುವಂಗಿ ಎತ್ತಿಕೊಂಡು ಮುಂಬಾಗಿಲಿಗೆ ಓಡಿದರು. ಚಾವಡಿಗೆ ಹೋಗುವ ಒಳಬಾಗಿಲು ಆರ್ಗನ್ನಿನ ಪಕ್ಕದಲ್ಲೇ ಇದೆ. ಅದನ್ನು ಹಾಕು ಎಂದು ಚಿಜುರುಗೆ ಹೇಳಲು ತಿರುಗಿದೆ.

ಅವಳ ಪೀಠ ಖಾಲಿ ಇತ್ತು. ಒಳಬಾಗಿಲು ತೆರೆದಿತ್ತು.